ಕೂಡುವ, ಕಳೆಯುವ ಹೇಳಿಕೆ ಲೆಕ್ಕಗಳು: ಮಗು ತಡವರಿಸುವುದು ಎಲ್ಲಿ?



ತಮ್ಮ ವ್ಯಾಪ್ತಿಯ ಪ್ರಾಥಮಿಕ ಶಾಲೆಗೆ ತಾವು ಭೇಟಿ ನೀಡಿದಾಗ ಮಕ್ಕಳಿಗೆ ಒಂದೆರಡು ಪ್ರಶ್ನೆ ಕೇಳುವುದು ವಾಡಿಕೆಯಾಗಿದೆ. ಸಾಮಾನ್ಯವಾಗಿ ಮಗ್ಗಿ ಹೇಳಿಸಲಾಗುತ್ತದೆ, ಇಲ್ಲವೇ ಕಪ್ಪುಹಲಗೆಯ ಮೇಲೆ ಒಂದು ಕೂಡುವ ಲೆಕ್ಕವನ್ನು ಮಾಡಿಸಲಾಗುತ್ತದೆ. ಮಗು ಸರಿಯಾಗಿ ಮಾಡಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಶಾಲೆಯಲ್ಲಿ ಗಣಿತದ ಕಲಿಕೆ ಚೆನ್ನಾಗಿ ನಡೆದಿದೆಯೆಂಬ ಸಮಾಧಾನದಿಂದ ನಾವು ಮರಳುತ್ತೇವೆ. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದಕ್ಕಾಗಿ ಈ ಲೇಖನವನ್ನು ಬರೆಯಲಾಗಿದೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಕೇಶ್ವಾಪುರದ ಶಾಲೆಯೊಂದರ ಮೂರನೆಯ ತರಗತಿಯಲ್ಲಿ ನಾನು ಹೀಗೊಂದು ಲೆಕ್ಕ ಹೇಳಿದ್ದೆ. "ಅಂಗಡಿಯ ಪರಾತದಲ್ಲಿ ಕೆಲವು ಮಿರ್ಚಿ ಇದ್ದವು. ಅಂಗಡಿಯವನು ಇನ್ನೂ 8 ಮಿರ್ಚಿ ಕರಿದು ಹಾಕಿದನು. ಈಗ ಪರಾತದಲ್ಲಿ 15 ಮಿರ್ಚಿ ಇವೆ. ಮೊದಲು ಎಷ್ಟು ಇದ್ದವು?" ಕೈಗಳು ಬೇಗನೆ ಮೇಲೆದ್ದವು. ಹೆಚ್ಚಿನ ಮಕ್ಕಳ ಉತ್ತರ ಒಂದೇ ಆಗಿತ್ತು: 23. ಅದೇ ಮಕ್ಕಳಿಗೆ ಹಲಗೆಯ ಮೇಲೆ 15 – 8 ಎಂದು ಬರೆದುಕೊಟ್ಟಾಗ ತಪ್ಪಿಲ್ಲದೆ 7 ಎಂದರು. ಅಂದರೆ ಅವರಿಗೆ ಕಳೆಯಲು ಬರುತ್ತಿತ್ತು. ಕಳೆಯಬೇಕಾದ ಸಂದರ್ಭ ಇದು ಎಂಬುದು ಮಾತ್ರ ಹೊಳೆಯಲಿಲ್ಲ. ಪರಾತದಲ್ಲಿ ಒಟ್ಟು ಇರುವುದೇ 15 ಆಗಿರುವಾಗ ಮೊದಲು 23 ಇರಲು ಹೇಗೆ ಸಾಧ್ಯ ಎಂಬ ಸಂಶಯವೂ ಯಾರಿಗೂ ಬರಲಿಲ್ಲ. ನಿಜವಾದ ಪರಾತದ ಮುಂದೆ ನಿಲ್ಲಿಸಿದ್ದರೆ ಅವರಲ್ಲಿ ಒಬ್ಬ ಮಗುವೂ 23 ಎನ್ನುತ್ತಿರಲಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಕೇಶ್ವಾಪುರವು ಮಹಾನಗರ ಪಾಲಿಕೆಗೆ ಸೇರಿದ್ದು, ಗ್ರಾಮ ಪಂಚಾಯತಿಗಲ್ಲ. ಹಾಗಿರುವಾಗ ಅಲ್ಲಿಯ ಮಾತು ಇಲ್ಲೇಕೆ ಎಂದು ತಾವು ಕೇಳಬಹುದು. ಆನಂತರ ಕಲಘಟಗಿ, ಕುಂದಗೋಳ, ನವಲಗುಂದ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗ ಇದೇ ಲೆಕ್ಕವನ್ನು, ಮಿರ್ಚಿಯ ಬದಲಿಗೆ ಕೋಳಿಮರಿಗಳನ್ನು ಇಟ್ಟು, ಕೇಳುತ್ತ ಬಂದೆ. ಉತ್ತರದಲ್ಲಿ ನಗರ, ಗ್ರಾಮ ಎಂಬ ಭೇದ ಕಾಣಲಿಲ್ಲ. ಆದ್ದರಿಂದ ಇದನ್ನು ಯಾವುದೋ ಒಂದು ಶಾಲೆಯ ಅಥವಾ ಒಬ್ಬ ಶಿಕ್ಷಕರ ಕೊರತೆಯೆಂದು ತಿಳಿಯಲಾಗದು. ಹೇಳಿಕೆ ಲೆಕ್ಕವನ್ನು ನಾವು ಕಲಿಸುವ, ಕೇಳುವ, ತಿದ್ದುವ ರೀತಿಯಲ್ಲಿಯೇ ದೋಷವಿದೆ.

ಪಠ್ಯಪುಸ್ತಕಗಳು ವಾಕ್ಯರೂಪದ ಸಮಸ್ಯೆ ಎಂದು ಕರೆಯುವುದನ್ನೇ ನಮ್ಮ ಕಡೆಯ ಶಿಕ್ಷಕರು ಹೇಳಿಕೆ ಲೆಕ್ಕ ಎನ್ನುತ್ತಾರೆ. ಅದು ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವು 9ನೆಯ ಶತಮಾನದ ಗ್ರಂಥ. ಹಣ್ಣು, ಹೂ, ದುಂಬಿಗಳ ಕಥೆಯಿರುವ ಲೆಕ್ಕಗಳು ಅದರಲ್ಲಿವೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರ ಗಣಿತ'ವನ್ನು ರಚಿಸಿದನು. ಹೆಸರೇ ಸೂಚಿಸುವಂತೆ ಲೆಕ್ಕವು ವ್ಯವಹಾರದಿಂದ ಹುಟ್ಟುತ್ತದೆ, ವ್ಯವಹಾರಕ್ಕೇ ಮರಳುತ್ತದೆ.

ಪಂಚಾಯತಿಯ ವಹಿಯೇ ಒಂದು ಹೇಳಿಕೆ ಲೆಕ್ಕ

ಈ ವಿಷಯವನ್ನು ಸದಸ್ಯರಿಗೆ ವಿವರಿಸಲು ಶಿಕ್ಷಣಶಾಸ್ತ್ರದ ಪರಿಭಾಷೆ ಬೇಕಿಲ್ಲ. ತಮ್ಮ ಪ್ರತಿ ಸಾಮಾನ್ಯ ಸಭೆಯ ಮುಂದೆ ಬರುವ ಜಮಾ-ಖರ್ಚಿನ ತಖ್ತೆಯೇ ಸಾಕು. ಪ್ರಾರಂಭಿಕ ಶಿಲ್ಕು, ಜಮಾ, ಆಖೈರು ಶಿಲ್ಕು ಎಂಬ ಮೂರು ಅಂಕಣಗಳನ್ನಷ್ಟೇ ತೆಗೆದುಕೊಳ್ಳೋಣ. ಆ ತಿಂಗಳು ಖರ್ಚೇ ಆಗಿಲ್ಲವೆಂದು ಇಟ್ಟುಕೊಳ್ಳಿ.

ಪ್ರಾರಂಭಿಕ ಶಿಲ್ಕು 40,000 ರೂಪಾಯಿ, ಜಮಾ 25,000 ರೂಪಾಯಿ, ಆಖೈರು ಎಷ್ಟು? ಇದನ್ನು ಎರಡನೆಯ ತರಗತಿಯ ಮಗುವೂ ಸಣ್ಣ ಸಂಖ್ಯೆಗಳಲ್ಲಿ ಮಾಡುತ್ತದೆ. ಪ್ರಾರಂಭಿಕ ಶಿಲ್ಕು 40,000, ಆಖೈರು 65,000, ಹಾಗಾದರೆ ಜಮಾ ಎಷ್ಟಾಗಿರಬೇಕು? ಇಲ್ಲಿ ಮಗು ಸ್ವಲ್ಪ ನಿಧಾನಿಸುತ್ತದೆ. ಜಮಾ 25,000, ಆಖೈರು 65,000, ಹಾಗಾದರೆ ಪ್ರಾರಂಭಿಕ ಶಿಲ್ಕು ಎಷ್ಟು? ಇಲ್ಲಿ ಬಹುಪಾಲು ಮಕ್ಕಳು ಎಡವುತ್ತಾರೆ. ಮೂರರಲ್ಲಿಯೂ ಸಂಖ್ಯೆಗಳು ಅವೇ, ಸಂಬಂಧವೂ ಅದೇ. ಬದಲಾದದ್ದು ಖಾಲಿ ಬಿಟ್ಟ ಅಂಕಣ ಮಾತ್ರ.

ಕೊನೆಯದು ಏಕೆ ಕಠಿಣ? ಸಣ್ಣ ಮಗು ಲೆಕ್ಕವನ್ನು ಕಥೆ ನಡೆದ ಕ್ರಮದಲ್ಲಿಯೇ ಮಾಡುತ್ತದೆ. ಮೊದಲು ಇದ್ದಷ್ಟು ಹುಣಸೆಬೀಜಗಳನ್ನು ನೆಲದ ಮೇಲೆ ಇಡುತ್ತದೆ, ಬಂದಷ್ಟನ್ನು ಸೇರಿಸುತ್ತದೆ, ಆಮೇಲೆ ಎಲ್ಲವನ್ನೂ ಎಣಿಸುತ್ತದೆ. "ಕೆಲವು ಮಿರ್ಚಿ ಇದ್ದವು" ಎಂದು ಕಥೆ ಪ್ರಾರಂಭವಾದರೆ ನೆಲದ ಮೇಲೆ ಇಡುವುದೇನನ್ನು? ಮೊದಲ ಹೆಜ್ಜೆಯನ್ನೇ ಇಡಲಾಗದ ಮಗು ಕಥೆಯನ್ನು ಕೈಬಿಟ್ಟು, ಕಣ್ಣಿಗೆ ಬಿದ್ದ ಎರಡು ಸಂಖ್ಯೆಗಳನ್ನು ಹಿಡಿದು ಕೂಡಿಬಿಡುತ್ತದೆ. 23 ಹುಟ್ಟುವುದು ಹೀಗೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್ ಮತ್ತು ಜೇಮ್ಸ್ ಮೋಸರ್ ಎಂಬ ವಿದ್ವಾಂಸರು ಒಂದನೆಯ ತರಗತಿಯಿಂದ ಮೂರನೆಯ ತರಗತಿಯವರೆಗೆ ಅವೇ ಮಕ್ಕಳನ್ನು ಅನುಸರಿಸಿ ಅಧ್ಯಯನ ಮಾಡಿ 1984ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಕೂಡುವ, ಕಳೆಯುವ ಕ್ರಮವನ್ನು ಶಾಲೆ ಕಲಿಸುವ ಮೊದಲೇ ಮಕ್ಕಳು ಅನೇಕ ಹೇಳಿಕೆ ಲೆಕ್ಕಗಳನ್ನು ವಸ್ತುಗಳನ್ನು ಜೋಡಿಸಿ, ಬೆರಳು ಮಡಚಿ ತಾವಾಗಿಯೇ ಬಿಡಿಸುತ್ತಾರೆಂಬುದು ಅವರಿಗೆ ಕಂಡುಬಂದಿತು. ನಾವು ನಡೆಯುವ ಕ್ರಮ ಇದಕ್ಕೆ ವಿರುದ್ಧವಾಗಿದೆ. ಮೊದಲು ಅಂಕಿಗಳ ಲೆಕ್ಕ, ಅದು ಗಟ್ಟಿಯಾದ ಮೇಲೆ ಪಾಠದ ಕೊನೆಯಲ್ಲಿ ನಾಲ್ಕು ಹೇಳಿಕೆ ಲೆಕ್ಕ, ಅದೂ ಸಮಯ ಉಳಿದರೆ. ಮಗು ಶಾಲೆಗೆ ಬರುವಾಗಲೇ ತಂದಿದ್ದ ಬುತ್ತಿಯನ್ನು ಮಧ್ಯಾಹ್ನದವರೆಗೆ ಬಿಚ್ಚಗೊಡದೆ ಇಟ್ಟಂತೆ ಇದು.

ಕೂಡುವ, ಕಳೆಯುವ ಕಥೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೇಲೆ ಹೇಳಿದ ಶಿಲ್ಕಿನ ಕಥೆಯಲ್ಲಿ ಇದ್ದದ್ದು ಬದಲಾಗುತ್ತದೆ. ಎರಡನೆಯದು ಭಾಗ ಮತ್ತು ಪೂರ್ಣದ ಕಥೆ. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ತಖ್ತೆ ಇದಕ್ಕೆ ಸರಿಯಾದ ನಿದರ್ಶನ. ಬೇಡಿಕೆಯು ಪೂರ್ಣ, ವಸೂಲಿ ಮತ್ತು ಬಾಕಿ ಅದರ ಎರಡು ಭಾಗಗಳು, ಯಾವ ಎರಡು ತಿಳಿದರೂ ಮೂರನೆಯದು ತಿಳಿಯುತ್ತದೆ. ಮೂರನೆಯದು ಹೋಲಿಕೆಯ ಕಥೆ. ಇದರಲ್ಲಿ ಏನೂ ಬರುವುದಿಲ್ಲ, ಏನೂ ಹೋಗುವುದಿಲ್ಲ. ಎರಡು ರಾಶಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ, ಅಂತರವನ್ನು ಕೇಳಲಾಗುತ್ತದೆ. ಯಾವ ಚಲನೆಯೂ ಇಲ್ಲದ ಕಾರಣ ಮಗುವಿಗೆ ಇದು ಎಲ್ಲಕ್ಕಿಂತ ಕಷ್ಟ.

ಹೋಲಿಕೆಗೆ ನಮ್ಮ ಊರಿನಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಕೇಶ್ವಾಪುರದಿಂದ ಹೆಚ್ಚು ದೂರವಿಲ್ಲದ ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಪ್ಲಾಟ್‌ಫಾರ್ಮ್‌ನ ಉದ್ದ 1507 ಮೀಟರ್. ಅದಕ್ಕೂ ಮೊದಲು ಜಗತ್ತಿನಲ್ಲಿ ಅತಿ ಉದ್ದವೆನಿಸಿದ್ದ ಗೋರಖಪುರದ ಪ್ಲಾಟ್‌ಫಾರ್ಮ್ ಸುಮಾರು 1366 ಮೀಟರ್. ನಮ್ಮದು ಎಷ್ಟು ಹೆಚ್ಚು ಉದ್ದ? 141 ಮೀಟರ್. ಇದು ಹೋಲಿಕೆಯ ಲೆಕ್ಕ. ಹುಬ್ಬಳ್ಳಿಯ ಇದೇ ಪ್ಲಾಟ್‌ಫಾರ್ಮ್ ವಿಸ್ತರಣೆಗೆ ಮೊದಲು 550 ಮೀಟರ್ ಇತ್ತು, ಎಷ್ಟು ಮೀಟರ್ ಸೇರಿಸಲಾಯಿತು? 957 ಮೀಟರ್. ಇದು ಬದಲಾವಣೆಯ ಲೆಕ್ಕ. ಎರಡನ್ನೂ ಬಿಡಿಸುವುದು ಕಳೆಯುವ ಮೂಲಕವೇ. ಆದರೆ ಎರಡರಲ್ಲಿಯೂ ಯಾರೂ ಏನನ್ನೂ ಕಳೆದಿಲ್ಲ, ಒಂದರಲ್ಲಂತೂ ಸೇರಿಸಿದ್ದಾರೆ. ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೆ ಕೊಟ್ಟು, ಇವೆರಡರಲ್ಲಿ ವ್ಯತ್ಯಾಸವೇನೆಂದು ಮಾತನಾಡಿಸುವುದು ಹತ್ತು ಲೆಕ್ಕಗಳ ಅಭ್ಯಾಸಕ್ಕಿಂತ ಮೇಲು.

ಭಾಷೆಯ ತೊಡಕು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೇಳಿಕೆ ಲೆಕ್ಕವನ್ನು ಸುಲಭವಾಗಿಸಲು ಅನೇಕ ತರಗತಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಮನೆಪಾಠಗಳಲ್ಲಿ, ಒಂದು ಉಪಾಯವನ್ನು ಕಲಿಸಲಾಗುತ್ತದೆ. 'ಒಟ್ಟು', 'ಸೇರಿ', 'ಹೆಚ್ಚು', 'ಇನ್ನೂ' ಎಂಬ ಪದ ಕಂಡರೆ ಕೂಡು. 'ಉಳಿದ', 'ಕಡಿಮೆ', 'ಕೊಟ್ಟ' ಎಂಬ ಪದ ಕಂಡರೆ ಕಳೆ. ಪರೀಕ್ಷೆಯ ಹಿಂದಿನ ದಿನ ಇದು ವರವೆಂದು ತೋರುತ್ತದೆ. ಆದರೆ ಇದರಿಂದ ಮಗು ಲೆಕ್ಕವನ್ನು ಓದುವುದನ್ನು ಬಿಟ್ಟು ಪದವನ್ನು ಹುಡುಕುವುದನ್ನು ಕಲಿಯುತ್ತದೆ.

"ಸವಿತಾಳ ಬಳಿ 12 ಗೋಲಿಗಳಿವೆ. ಅವು ಅವಳ ತಮ್ಮನ ಗೋಲಿಗಳಿಗಿಂತ 5 ಹೆಚ್ಚು. ತಮ್ಮನ ಬಳಿ ಎಷ್ಟು ಗೋಲಿಗಳಿವೆ?" ಇಲ್ಲಿ 'ಹೆಚ್ಚು' ಎಂಬ ಪದವಿದೆ, ಉತ್ತರ ಮಾತ್ರ ಕಳೆದಾಗ ಬರುತ್ತದೆ. ಪದ ಹುಡುಕುವ ಮಗು 17 ಎನ್ನುತ್ತದೆ. ತಮ್ಮನ ಬಳಿ ಅಕ್ಕನಿಗಿಂತ ಹೆಚ್ಚಾಗಿಬಿಟ್ಟಿತಲ್ಲ ಎಂಬ ಯೋಚನೆ ಅದಕ್ಕೆ ಬರುವುದಿಲ್ಲ, ಏಕೆಂದರೆ ಅದು ಸವಿತಾಳನ್ನಾಗಲಿ ತಮ್ಮನನ್ನಾಗಲಿ ಮನಸ್ಸಿನಲ್ಲಿ ತಂದುಕೊಂಡೇ ಇಲ್ಲ.

ಕನ್ನಡದಲ್ಲಿ ಒಂದು ಪ್ರತ್ಯಯ ಇಡೀ ಲೆಕ್ಕವನ್ನು ತಿರುಗಿಸಿಬಿಡಬಲ್ಲದು. "ಅಣ್ಣ ಕೊಟ್ಟ 4 ಪೆನ್ಸಿಲ್" ಎಂದರೆ ನನ್ನ ಪೆನ್ಸಿಲ್‌ಗಳು ಹೆಚ್ಚಾದವು. "ಅಣ್ಣನಿಗೆ ಕೊಟ್ಟ 4 ಪೆನ್ಸಿಲ್" ಎಂದರೆ ಕಡಿಮೆಯಾದವು. ನಡುವೆ ಇರುವುದು '-ಇಗೆ' ಎಂಬುದೊಂದೇ. 'ಕೊಟ್ಟ' ಎಂಬ ಪದ ಎರಡರಲ್ಲಿಯೂ ಇದೆ. ಓದುವಾಗ ಪದದ ಕೊನೆಯನ್ನು ನುಂಗಿ ಮುಂದೆ ಸಾಗುವ ಮಗುವಿಗೆ ಈ ಎರಡು ವಾಕ್ಯಗಳೂ ಒಂದೇ. ಹೀಗಾಗಿ ಮೂರನೆಯ ತರಗತಿಯ ಗಣಿತದ ತಪ್ಪುಗಳಲ್ಲಿ ಎಷ್ಟೋ ಕನ್ನಡ ಓದಿನ ತಪ್ಪುಗಳಾಗಿರುತ್ತವೆ. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ, ತೆಲುಗು ಆಡುವ ಮಕ್ಕಳ ಪಾಲಿಗೆ ಈ ತೊಡಕು ಇನ್ನೂ ಬಿಗಿ.

ನಮ್ಮ ಧಾರವಾಡ ಸೀಮೆಯ ಆಡುಮಾತಿನ ಸ್ವಾರಸ್ಯವೂ ಇಲ್ಲಿ ಸೇರಿಕೊಳ್ಳುತ್ತದೆ. 'ಕೂಡ್ರಿ' ಎಂದರೆ ನಮ್ಮಲ್ಲಿ ಕುಳಿತುಕೊಳ್ಳಿ ಎಂದರ್ಥ. ಒಂದನೆಯ ತರಗತಿಯ ಮಗುವನ್ನು ಎಬ್ಬಿಸಿ ನಿಲ್ಲಿಸಿ "ಐದು, ಮೂರು ಕೂಡು" ಎಂದರೆ ಅದು ಕುಳಿತುಬಿಟ್ಟ ಪ್ರಸಂಗವನ್ನು ಕಂಡು ನಾವೆಲ್ಲ ನಕ್ಕಿದ್ದೇವೆ. 'ಕಳೆ' ಎಂಬುದು ಇನ್ನೂ ತೊಡಕಿನದು. ಹೊಲದಲ್ಲಿ ಕೀಳುವುದು ಕಳೆ, ಜಾತ್ರೆಯಲ್ಲಿ ಚಪ್ಪಲಿ ಕಳೆದುಹೋಗುತ್ತದೆ, ಹಿಂದಿನ ವಾರವು 'ಕಳೆದ ವಾರ'. "ಕಳೆದ ವಾರ ಡೇರಿಗೆ 24 ಲೀಟರ್ ಹಾಲು ಹಾಕಿದೆವು, ಈ ವಾರ 18 ಲೀಟರ್ ಹಾಕಿದೆವು, ಎರಡೂ ವಾರಗಳಲ್ಲಿ ಹಾಕಿದ ಹಾಲು ಎಷ್ಟು?" ಎಂಬ ಲೆಕ್ಕದಲ್ಲಿ 24ರಿಂದ 18ನ್ನು ಕಳೆದು 6 ಎಂದು ಬರೆದ ಹುಡುಗನನ್ನು ಏಕೆಂದು ಕೇಳಿದಾಗ ಅವನು 'ಕಳೆದ' ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದನು. ಕಲಿಸಿದ ಉಪಾಯವನ್ನು ಅವನು ನಿಷ್ಠೆಯಿಂದ ಪಾಲಿಸಿದ್ದನು. ಅವನಿಗೆ ಸೊನ್ನೆ ಅಂಕ ಕೊಡುವಾಗ ಕೈ ಹಿಂಜರಿಯಿತು.

ಅರ್ಥವನ್ನು ಬಿಟ್ಟು ಸಂಖ್ಯೆಗಳನ್ನು ಹಿಡಿಯುವ ಈ ಅಭ್ಯಾಸ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ಗಣಿತ ಬೋಧನಾ ಸಂಶೋಧನಾ ಸಂಸ್ಥೆಯವರು ಸುಮಾರು 1980ರಲ್ಲಿ ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದರು. "ಹಡಗಿನಲ್ಲಿ 26 ಕುರಿಗಳು ಮತ್ತು 10 ಆಡುಗಳು ಇವೆ. ಹಡಗಿನ ನಾಯಕನ ವಯಸ್ಸೆಷ್ಟು?" ಉತ್ತರವಿಲ್ಲದ ಈ ಪ್ರಶ್ನೆಗೆ 76 ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ವಯಸ್ಸನ್ನು ಹೇಳಿದರು. ಇದನ್ನು ತಮ್ಮ ಊರಿನ ಶಾಲೆಯಲ್ಲಿ ಒಮ್ಮೆ ಕೇಳಿ ನೋಡಬಹುದು. ಮಕ್ಕಳನ್ನು ಗೇಲಿ ಮಾಡುವ ಉದ್ದೇಶದಿಂದ ಮಾತ್ರ ಕೂಡದು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಇದಕ್ಕೆ ಎದುರಾದ ಒಂದು ದೃಶ್ಯವನ್ನು ತಾವು ಪ್ರತಿ ವಾರ ಸಂತೆಯಲ್ಲಿ ನೋಡುತ್ತೀರಿ. ತಾಯಿಯ ಪಕ್ಕದಲ್ಲಿ ಕುಳಿತು ಉಳ್ಳಾಗಡ್ಡಿ, ಮೆಣಸಿನಕಾಯಿ ಮಾರುವ ಹತ್ತು ವರ್ಷದ ಹುಡುಗಿ 36 ರೂಪಾಯಿಯ ವ್ಯಾಪಾರಕ್ಕೆ 100 ರೂಪಾಯಿಯ ನೋಟು ಪಡೆದು, ಕಾಗದ-ಪೆನ್ನಿನ ಹಂಗಿಲ್ಲದೆ 64 ರೂಪಾಯಿ ಮರಳಿಸುತ್ತಾಳೆ. 36ಕ್ಕೆ 4 ಸೇರಿಸಿ 40, ಅದಕ್ಕೆ 60 ಸೇರಿಸಿ 100 ಎಂದು ಅವಳು ಏರುತ್ತ ಹೋಗುತ್ತಾಳೆ. ಅದೇ ಹುಡುಗಿ ಮರುದಿನ ಶಾಲೆಯಲ್ಲಿ 100 – 36 ಎಂಬುದನ್ನು ಮೇಲೆ-ಕೆಳಗೆ ಬರೆದು, ಸೊನ್ನೆಯಿಂದ 6 ಹೋಗದೆಂದು ಪೆನ್ಸಿಲ್ ಕಚ್ಚುತ್ತ ಕೂರುತ್ತಾಳೆ.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟಕ್ಕೆ ಆ ಮಕ್ಕಳು ಸರಿಯುತ್ತರ ಕೊಟ್ಟಿದ್ದರು. ಆನಂತರ ಕುಳ್ಳಿರಿಸಿ ಕೇಳಿದ ಹೇಳಿಕೆ ಲೆಕ್ಕಗಳಲ್ಲಿ ಅದು ಶೇಕಡಾ 74ಕ್ಕೆ, ಬರೀ ಅಂಕಿಗಳ ಲೆಕ್ಕದಲ್ಲಿ ಶೇಕಡಾ 37ಕ್ಕೆ ಇಳಿದಿತ್ತು. ಅಧ್ಯಯನದಲ್ಲಿದ್ದ ಮಕ್ಕಳು ಐವರೇ, ಆದ್ದರಿಂದ ಶೇಕಡಾವಾರಿಗೆ ಅತಿಯಾದ ತೂಕ ಕೊಡಬೇಕಿಲ್ಲ. ಆದರೆ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಂದಕವನ್ನು ತೋರಿಸಿತು. ಮಾರುಕಟ್ಟೆಯಲ್ಲಿ ಚುರುಕಾಗಿ ಲೆಕ್ಕ ಹಾಕುವ ಮಕ್ಕಳು ಪಠ್ಯದ ಲೆಕ್ಕದಲ್ಲಿ ಸೋಲುತ್ತಾರೆ, ಪಠ್ಯದ ಲೆಕ್ಕ ಬಲ್ಲ ಶಾಲಾಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋಲುತ್ತಾರೆ.

ರೆಸಿಫೆಯ ಅಂಕಿಗಳಲ್ಲಿ ನನ್ನ ಗಮನ ಸೆಳೆದದ್ದು ನಡುವಿನದು. ಹೇಳಿಕೆ ಲೆಕ್ಕವು ಬರೀ ಅಂಕಿಗಳ ಲೆಕ್ಕಕ್ಕಿಂತ ಕಠಿಣವೆಂದು ನಾವೆಲ್ಲ ನಂಬಿದ್ದೇವೆ. ಆ ಮಕ್ಕಳಿಗೆ ಅದು ಸುಲಭವಾಗಿತ್ತು, ಏಕೆಂದರೆ ಕಥೆ ಅವರಿಗೆ ಗೊತ್ತಿದ್ದ ಕಥೆಯಾಗಿತ್ತು. ಕೇಶ್ವಾಪುರದ ಮಗುವಿಗೆ ರೈಲು, ಮಿರ್ಚಿ ಅಂಗಡಿ, ಚಿಗರಿ ಬಸ್ಸು ಹೇಗೋ ಹಾಗೆಯೇ ಕುಂದಗೋಳದ ಮಗುವಿಗೆ ಮೆಣಸಿನಕಾಯಿ ಚೀಲ, ನವಲಗುಂದದ ಮಗುವಿಗೆ ಜಮಖಾನೆಯ ಪಟ್ಟಿ. ಊರಿಗೆ ತಕ್ಕಂತೆ ಕಥೆಯನ್ನು ಬದಲಿಸಲು ಹಣ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ.

ಕಲಿಸುವ ಕ್ರಮ

ತರಗತಿಯಲ್ಲಿ ಕಲಿಸುವುದು ಶಿಕ್ಷಕರ ಕೆಲಸ, ಅದರಲ್ಲಿ ನಾವು ಕೈಹಾಕಬಾರದು. ಆದರೆ ಒಳ್ಳೆಯ ಬೋಧನೆ ಹೇಗಿರುತ್ತದೆಂಬುದು ತಿಳಿದಿದ್ದರೆ ಅದನ್ನು ಕಂಡಾಗ ಗುರುತಿಸಬಹುದು, ಬೆಂಬಲಿಸಬಹುದು.

ಒಳ್ಳೆಯ ತರಗತಿಯಲ್ಲಿ ಮೊದಲು ಲೆಕ್ಕವನ್ನು ಕಥೆಯಾಗಿ ಹೇಳಲಾಗುತ್ತದೆ, ಕೆಲವೊಮ್ಮೆ ಸಂಖ್ಯೆಗಳೇ ಇಲ್ಲದೆ. "ಪರಾತದಲ್ಲಿ ಕೆಲವು ಮಿರ್ಚಿ ಇದ್ದವು, ಇನ್ನೂ ಕೆಲವು ಹಾಕಿದರು. ಈಗ ಇರುವವು ಮೊದಲಿಗಿಂತ ಹೆಚ್ಚೋ ಕಡಿಮೆಯೋ?" ಸಂಖ್ಯೆ ಇಲ್ಲದ ಕಾರಣ ಮಗು ಕಥೆಯನ್ನೇ ಕೇಳಬೇಕಾಗುತ್ತದೆ. ಆಮೇಲೆ ಒಬ್ಬ ಮಗು ಅದನ್ನು ತನ್ನ ಮನೆಮಾತಿನಲ್ಲಿ ಮತ್ತೆ ಹೇಳುತ್ತದೆ, ಇಬ್ಬರು ಅಭಿನಯಿಸುತ್ತಾರೆ. ಹುಣಸೆಬೀಜ, ಹರಳು, ಕಡ್ಡಿಗಳನ್ನು ಜೋಡಿಸುವುದು ಆನಂತರ. ಅದಾದ ಮೇಲೆ ಚಿತ್ರ. 15 ಎಂಬ ಒಂದು ಉದ್ದನೆಯ ಪಟ್ಟಿ, ಅದರ ಕೆಳಗೆ 8ರ ಒಂದು ತುಂಡು, ಪಕ್ಕದಲ್ಲಿ ಖಾಲಿ ತುಂಡು. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಈ ಪಟ್ಟಿಚಿತ್ರಕ್ಕೆ ಬೇಕಾಗುವುದು ಸೀಮೆಸುಣ್ಣವೊಂದೇ. ಪ್ರಾರಂಭ ತಿಳಿಯದ ಲೆಕ್ಕದಲ್ಲಿ ಹರಳುಗಳು ಕೈಕೊಡುತ್ತವೆ, ಪಟ್ಟಿಚಿತ್ರ ಕೈಹಿಡಿಯುತ್ತದೆ. ಖಾಲಿ ತುಂಡನ್ನು ಎಲ್ಲಿ ಬೇಕಾದರೂ ಇಡಬಹುದಲ್ಲ! ಅಂಕಿಗಳಲ್ಲಿ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಉತ್ತರ ಬಂದ ಮೇಲೆ ಅದನ್ನು ಕಥೆಯೊಳಕ್ಕೆ ಮರಳಿಸಿ ನೋಡುವುದನ್ನು ಮರೆಯಬಾರದು. ಮೊದಲು 7, ಮತ್ತೆ 8, ಈಗ 15. ಸರಿ ಹೊಂದಿತು.

ನಮ್ಮ ರಾಜ್ಯಕ್ಕೆ ಈ ಮಾರ್ಗ ಅಪರಿಚಿತವಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾದ ನಲಿ-ಕಲಿ ಪದ್ಧತಿಯು ಚಟುವಟಿಕೆಯನ್ನೇ ಆಧರಿಸಿದೆ. ಅಕ್ಷರ ಫೌಂಡೇಶನ್ ಸಂಸ್ಥೆಯು ಶಿಕ್ಷಣ ಇಲಾಖೆಯ ಸಹಯೋಗದಲ್ಲಿ ಕೈಗೊಂಡ 'ಗಣಿತ ಕಲಿಕಾ ಆಂದೋಲನ'ದ ಮೂಲಕ 4 ಮತ್ತು 5ನೆಯ ತರಗತಿಗಳಿಗಾಗಿ ಗಣಿತ ಕಲಿಕೋಪಕರಣಗಳ ಪೆಟ್ಟಿಗೆ ಸರ್ಕಾರಿ ಶಾಲೆಗಳನ್ನು ತಲುಪಿತು. ತಮ್ಮ ಶಾಲೆಯಲ್ಲಿ ಆ ಪೆಟ್ಟಿಗೆ ಇದ್ದರೆ ಅದರ ಮುಚ್ಚಳದ ಮೇಲಿನ ಧೂಳನ್ನು ದಯವಿಟ್ಟು ಗಮನಿಸಿ. ಧೂಳಿಲ್ಲದಿದ್ದರೆ ಶಿಕ್ಷಕರನ್ನು ಎಲ್ಲರೆದುರು ಅಭಿನಂದಿಸಿ.

ಪಂಚಾಯತಿಯ ಪಾತ್ರ

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣವೂ ಒಂದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಕೆಲಸ ಮಾಡುತ್ತಿವೆ. ಈ ವೇದಿಕೆಗಳಲ್ಲಿ ಕೊಠಡಿ, ಶೌಚಾಲಯ, ಕಾಂಪೌಂಡ್ ಗೋಡೆಗಳ ಚರ್ಚೆ ನಡೆಯುತ್ತದೆ, ನಡೆಯಲೇಬೇಕು. ಕಲಿಕೆಯ ಚರ್ಚೆ ಮಾತ್ರ ಅಪರೂಪ. ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಓದು ಮತ್ತು ಲೆಕ್ಕದ ಬುನಾದಿ ಸಾಮರ್ಥ್ಯ ಪಡೆದಿರಬೇಕೆಂದು 2021ರ ಜುಲೈ 5ರಂದು ಪ್ರಾರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು 2026-27ನೆಯ ಸಾಲನ್ನು ಗಡುವಾಗಿ ಇಟ್ಟಿತು. ಆ ಗಡುವಿನ ಮಾತು ಗ್ರಾಮ ಸಭೆಗಳ ನಡಾವಳಿಯಲ್ಲಿ ಎಷ್ಟು ಬಾರಿ ಬಂದಿದೆ ಎಂಬುದನ್ನು ತಾವೇ ಪರಿಶೀಲಿಸಬಹುದು.

ಪಂಚಾಯತಿಗಳು ನೇರವಾಗಿ ಪಾಲ್ಗೊಂಡಿರುವ ಒಂದು ಕಾರ್ಯವೆಂದರೆ ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆ. ಅಕ್ಷರ ಫೌಂಡೇಶನ್ ರೂಢಿಗೆ ತಂದ ಈ ಸ್ಪರ್ಧೆಯಲ್ಲಿ 4, 5 ಮತ್ತು 6ನೆಯ ತರಗತಿಯ ಮಕ್ಕಳು ಊರವರ ಸಮ್ಮುಖದಲ್ಲಿ ಪರೀಕ್ಷೆ ಬರೆಯುತ್ತಾರೆ, ಅನೇಕ ಕಡೆ ಬಹುಮಾನದ ವೆಚ್ಚವನ್ನು ಪಂಚಾಯತಿಯೂ ಊರಿನ ದಾನಿಗಳೂ ಭರಿಸುತ್ತಾರೆ. ಪಾಲಕರು ಮಕ್ಕಳ ಗಣಿತವನ್ನು ಕಣ್ಣಾರೆ ಕಾಣುವ ಸಂದರ್ಭ ಇದಕ್ಕಿಂತ ಬೇರೆ ಇಲ್ಲ. ಇದೇ ಮಾದರಿಯಲ್ಲಿ ಊರವರೇ ಸೇರಿ ಏರ್ಪಡಿಸಿದ ಒಂದು ಚಿಕ್ಕ ಸ್ಪರ್ಧೆಯಲ್ಲಿ ನಾನು ಮೌಲ್ಯಮಾಪಕನಾಗಿದ್ದೆ. ಅಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಇಲ್ಲಿ ಹೇಳದೆ ಈ ಲೇಖನ ಪೂರ್ಣವಾಗದು.

ಪ್ರಾರಂಭ ತಿಳಿಯದ ಒಂದು ಲೆಕ್ಕವನ್ನು ನಾನೇ ಪತ್ರಿಕೆಯಲ್ಲಿ ಸೇರಿಸಿದ್ದೆ. ಕೇಶ್ವಾಪುರದ ಅದೇ ಮಿರ್ಚಿಯ ಲೆಕ್ಕ, ಸಂಖ್ಯೆಗಳು ಮಾತ್ರ ದೊಡ್ಡವು: ಕೆಲವು ಇದ್ದವು, 28 ಸೇರಿದವು, ಈಗ 65 ಇವೆ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಸಮಯ ಕಡಿಮೆಯಿತ್ತು, ಅತಿಥಿಗಳು ಬಂದು ಕುಳಿತಿದ್ದರು. ಸಮ ಚಿಹ್ನೆಯ ಬಲಕ್ಕೆ 37 ಇದೆಯೇ ಎಂದಷ್ಟೇ ನೋಡುತ್ತ ಹೋದೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ 37 + 28 = 65 ಎಂದು ಬರೆದಿದ್ದಳು. ಬಲಕ್ಕೆ 65 ಕಂಡಿತು, ತಪ್ಪು ಚಿಹ್ನೆ ಹಾಕಿದೆ. ಒಂದು ಅಂಕದಿಂದ ಅವಳಿಗೆ ಮೂರನೆಯ ಬಹುಮಾನ ತಪ್ಪಿತು. ಸಂಜೆ ಪತ್ರಿಕೆಗಳನ್ನು ಕಟ್ಟಿಡುವಾಗ ಮತ್ತೆ ಕಣ್ಣು ಹಾಯಿಸಿದೆ. 37ರ ಸುತ್ತ ಪೆನ್ಸಿಲಿನಿಂದ ಒಂದು ಪುಟ್ಟ ಚೌಕ ಬರೆದಿದ್ದಳು. ಕಥೆ ನಡೆದ ಕ್ರಮದಲ್ಲಿಯೇ ಅದನ್ನು ಬರೆದು, ತಿಳಿಯದೆ ಇದ್ದದ್ದು ಇದು ಎಂದು ಗುರುತಿಸಿದ್ದಳು. 65 – 28 ಎಂದು ಬರೆದವರಿಗಿಂತ ಅವಳು ಕಥೆಯನ್ನು ಹೆಚ್ಚು ನಿಷ್ಠೆಯಿಂದ ಓದಿದ್ದಳು. ಅಷ್ಟರಲ್ಲಿ ಬಹುಮಾನ ವಿತರಣೆ ಮುಗಿದು, ಪೆಂಡಾಲು ಬಿಚ್ಚುತ್ತಿದ್ದರು. ಮರುದಿನ ಅವಳ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವಳ ತಂದೆ "ಇರ್ಲಿ ಬಿಡ್ರಿ" ಎಂದರು. ಅವಳು ಮಾತ್ರ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಆದ್ದರಿಂದ ಇಂತಹ ಸ್ಪರ್ಧೆಗಳನ್ನು ಏರ್ಪಡಿಸುವ ಪಂಚಾಯತಿಗಳಲ್ಲಿ ಕೆಲವು ವಿನಂತಿಗಳಿವೆ. ಪ್ರಶ್ನೆಪತ್ರಿಕೆ ಅಂತಿಮವಾಗುವ ಮೊದಲು ಕೂಡುವ, ಕಳೆಯುವ ಲೆಕ್ಕಗಳನ್ನು ಒಮ್ಮೆ ಓದಿ, ಖಾಲಿ ಅಂಕಣ ಯಾವಾಗಲೂ ಕೊನೆಯಲ್ಲಿಯೇ ಇದೆಯೇ ಎಂಬುದನ್ನು ನೋಡಬೇಕು. ಎಲ್ಲವೂ 'ಒಟ್ಟು ಎಷ್ಟು', 'ಉಳಿದವು ಎಷ್ಟು' ಎಂದೇ ಮುಗಿದರೆ ಆ ಪತ್ರಿಕೆಯು ಮಗುವಿನ ತಿಳಿವಳಿಕೆಯನ್ನು ಅಳೆಯುವುದಿಲ್ಲ. ಓದಲು ತಡವರಿಸುವ ಮಕ್ಕಳಿಗೆ ಲೆಕ್ಕವನ್ನು ಎರಡು ಬಾರಿ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಇರಬೇಕು, ಏಕೆಂದರೆ ಸ್ಪರ್ಧೆ ಗಣಿತದ್ದು. ಮೌಲ್ಯಮಾಪಕರಿಗೆ ಸಾಕಷ್ಟು ಸಮಯ ಸಿಗಬೇಕು. ಬಹುಮಾನ ವಿತರಣೆಯನ್ನು ಅದೇ ದಿನ ಮುಗಿಸುವ ಆತುರವನ್ನು ಬಿಟ್ಟು ಮರುವಾರದ ಶಾಲಾ ಪ್ರಾರ್ಥನೆಯಲ್ಲಿ ಕೊಟ್ಟರೂ ಆದೀತು, ಅತಿಥಿಗಳು ಕಡಿಮೆಯಾದರೆ ನಷ್ಟವಿಲ್ಲ. ಚಿತ್ರ ಬರೆದು ಉತ್ತರ ಗುರುತಿಸಿದ ಮಗುವಿಗೂ, ಕಥೆಯ ಕ್ರಮದಲ್ಲಿಯೇ ಬರೆದ ಮಗುವಿಗೂ ಪೂರ್ಣ ಅಂಕ ಸಲ್ಲಬೇಕೆಂದು ಮೊದಲೇ ಲಿಖಿತವಾಗಿ ತಿಳಿಸಬೇಕು.

ಪಂಚಾಯತಿಯ ಅರಿವು ಕೇಂದ್ರವನ್ನೂ ಬಳಸಿಕೊಳ್ಳಬಹುದು. ಮಕ್ಕಳು ತಮ್ಮ ಮನೆ, ಹೊಲ, ಅಂಗಡಿಗಳಿಂದ ಒಂದೊಂದು ಲೆಕ್ಕವನ್ನು ಕಟ್ಟಿ ತಂದು ಗೋಡೆಯ ಹಲಗೆಯ ಮೇಲೆ ಬರೆಯುವುದು, ಬೇರೆ ಮಕ್ಕಳು ಬಿಡಿಸುವುದು. ಲೆಕ್ಕ ಕಟ್ಟುವ ಮಗುವಿಗೆ ಕಥೆಯ ಮೂರು ಸಂಖ್ಯೆಗಳೂ ತಿಳಿದಿರಬೇಕಾಗುತ್ತದೆ, ಯಾವುದನ್ನು ಮುಚ್ಚಿಡಬೇಕೆಂಬ ಆಯ್ಕೆಯೂ ಅದರದ್ದೇ. ಒಂದೂರಿನಲ್ಲಿ ಹೀಗೆ ಹಲಗೆಯ ಮೇಲೆ ಬಂದ ಲೆಕ್ಕವೊಂದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. "ನಮ್ಮ ಅವ್ವ ಸಂಘಕ್ಕ 350 ರೂಪಾಯಿ ಕಟ್ಟಿದಳು. ಇನ್ನ 150 ಕಟ್ಟಿದರ ಸಾಲ ಮುಗಿತೈತಿ. ಸಾಲ ಎಷ್ಟಿತ್ತು?" ಭಾಗ, ಪೂರ್ಣ ಎಂಬ ಪರಿಭಾಷೆ ಆ ಮಗುವಿಗೆ ಗೊತ್ತಿರಲಿಲ್ಲ.

ಮುಂದಿನ ಬಾರಿ ಶಾಲೆಗೆ ಭೇಟಿ ನೀಡಿದಾಗ ಮಗ್ಗಿಯ ನಂತರ ಇಂತಹ ಒಂದು ಕಥೆಯನ್ನು ಹೇಳಿ. ಮಗು ಉತ್ತರ ಹೇಳಿದೊಡನೆ ಸರಿ, ತಪ್ಪು ಎನ್ನದೆ "ಅದು ಹೆಂಗ ಬಂತು, ಹೇಳು" ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯಿರಿ. ಬಂದ ಉತ್ತರಗಳನ್ನು, ತಪ್ಪು ಉತ್ತರಗಳನ್ನೂ ಸೇರಿಸಿ, ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮುಖ್ಯಶಿಕ್ಷಕರೊಂದಿಗೆ ಹಂಚಿಕೊಳ್ಳಿ. ಮಗುವಿನ ಹೆಸರನ್ನು ಮಾತ್ರ ನಡಾವಳಿಯಲ್ಲಿ ನಮೂದಿಸುವುದು ಬೇಡ.